ರಾತ್ರೋರಾತ್ರಿ ಕೂರುವ ಮೂಲೆ: ಎಲೆಕ್ಟ್ರಿಕ್ ಪಿಕಪ್‌ನ ಏರ್ ಸಸ್ಪೆನ್ಷನ್ ದೋಷ ಹುಡುಕುವ ಬಗೆ

ರಾತ್ರಿ ಮಟ್ಟವಾಗಿ ನಿಂತಿದ್ದ ಗಾಡಿ ಬೆಳಿಗ್ಗೆ ಒಂದು ಮೂಲೆಗೆ ವಾಲಿ ಕೂತಿರುತ್ತದೆ. ಬಾಗಿಲು ತೆಗೆದು ಹತ್ತಿದರೆ ಕೆಳಗೆಲ್ಲೋ ಗಾಳಿ ತುಂಬುವ ಕಂಪ್ರೆಸರ್ ಗುರ್ ಎನ್ನುತ್ತದೆ, ಸ್ವಲ್ಪ ಹೊತ್ತಿಗೆ ಗಾಡಿ ಎದ್ದು ನಿಲ್ಲುತ್ತದೆ, ಆಮೇಲೆ ಇಡೀ ದಿನ ಏನೂ ತಕರಾರಿಲ್ಲ. ಹೀಗೇ ಕೆಲವು ತಿಂಗಳು ಓಡಿಸಿದ ಮೇಲೆ ಒಂದು ದಿನ ಕಂಪ್ರೆಸರ್ ಕೈಕೊಡುತ್ತದೆ. ಹೊಸದು ಹಾಕಿಸುತ್ತಾರೆ. ಗಾಳಿಯ ಸೋರಿಕೆ ಮಾತ್ರ ಇದ್ದಲ್ಲೇ ಇರುತ್ತದೆ, ಹೊಸ ಕಂಪ್ರೆಸರೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ. ಉಕ್ಕಿನ ಸ್ಪ್ರಿಂಗಿನ ಬದಲು ಗಾಳಿಯ ಮೇಲೆ ಗಾಡಿಯನ್ನು ನಿಲ್ಲಿಸುವ ಏರ್ ಸಸ್ಪೆನ್ಷನ್ ರಿಪೇರಿಯಲ್ಲಿ ದುಡ್ಡು ಪೋಲಾಗುವುದು ಹೆಚ್ಚಾಗಿ ಈ ಜಾಗದಲ್ಲೇ. ಕಂಪ್ರೆಸರ್ ಸತ್ತಿದ್ದರೆ ಅದನ್ನು ಸಾಯಿಸಿದ್ದು ಯಾವುದು ಎಂದು ಮೊದಲು ಹುಡುಕಬೇಕು.

ಇಲ್ಲಿ ಹೇಳುವುದು ಅಮೆರಿಕದ ರಸ್ತೆಗಳಲ್ಲಿರುವ ಮೂರು ಗಾಡಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು: 2021ರಿಂದ ಬರುತ್ತಿರುವ ರಿವಿಯನ್ ಆರ್1ಟಿ, 2023ರ ನವೆಂಬರ್ ಕೊನೆಗೆ ಗ್ರಾಹಕರ ಕೈಸೇರತೊಡಗಿದ ಟೆಸ್ಲಾ ಸೈಬರ್‌ಟ್ರಕ್, ಮತ್ತು ಜಿಎಂಸಿ ಹಮ್ಮರ್ ಇವಿ. ಮೂರರ ಬಿಡಿಭಾಗಗಳು ಬೇರೆ, ತತ್ವ ಒಂದೇ. ಫೋರ್ಡ್ ಎಫ್-150 ಲೈಟ್ನಿಂಗ್ ಇಟ್ಟುಕೊಂಡವರು ಇದನ್ನು ಓದಬೇಕಿಲ್ಲ. ಅದರಲ್ಲಿರುವುದು ಉಕ್ಕಿನ ಕಾಯಿಲ್ ಸ್ಪ್ರಿಂಗ್.

ಹೆಸರಿನ ವಿಷಯ ಒಂದಿದೆ. ಏರ್ ಸ್ಪ್ರಿಂಗನ್ನು ಕೆಲವರು ‘ಏರ್‌ಬ್ಯಾಗ್’ ಎನ್ನುತ್ತಾರೆ. ಅಪಘಾತದಲ್ಲಿ ಉಬ್ಬುವ ಏರ್‌ಬ್ಯಾಗಿಗೂ ಇದಕ್ಕೂ ಸಂಬಂಧವಿಲ್ಲ, ಪಾರ್ಟ್ಸ್ ಅಂಗಡಿಯಲ್ಲಿ ಗೊಂದಲವಾಗುತ್ತದೆ. ನಮ್ಮಲ್ಲಿ ವೋಲ್ವೋ ಬಸ್ಸಿನ ಮೆಕ್ಯಾನಿಕ್‌ಗಳು ಅನ್ನುವ ಹಾಗೆ ಇಲ್ಲಿ ಬಲೂನು ಎಂದೇ ಕರೆಯೋಣ. ಬೆಂಗಳೂರಿನ ಲೋ-ಫ್ಲೋರ್ ಬಸ್ಸು ನಿಲ್ದಾಣದಲ್ಲಿ ‘ಫುಸ್’ ಎಂದು ಬಾಗಿಲ ಕಡೆಗೆ ಬಗ್ಗುತ್ತದಲ್ಲ, ಆರ್1ಟಿಯ ನೀಲ್ (ಮಂಡಿಯೂರುವ) ಮೋಡ್‌ನಲ್ಲಿ ಗಾಡಿ ತಗ್ಗುವುದೂ ಅದೇ ತಂತ್ರದಿಂದ.

ಗಾಳಿ ಹೋಗುವ ದಾರಿ

ದೋಷ ಹುಡುಕುವ ಮುಂಚೆ ದಾರಿ ಗೊತ್ತಿರಬೇಕು. ಹೊರಗಿನ ಗಾಳಿ ಫಿಲ್ಟರ್ ದಾಟಿ ಕಂಪ್ರೆಸರಿಗೆ ಬರುತ್ತದೆ. ಅಲ್ಲಿಂದ ಡ್ರೈಯರ್, ಅಂದರೆ ತೇವ ಹೀರುವ ಹರಳು ತುಂಬಿದ ಡಬ್ಬಿ. ಅದರಾಚೆ ವಾಲ್ವ್ ಬ್ಲಾಕ್. ಅದರಲ್ಲಿ ನಾಲ್ಕು ಮೂಲೆಗೆ ವಿದ್ಯುತ್ತಿನಿಂದ ತೆರೆದು ಮುಚ್ಚುವ ನಾಲ್ಕು ಸೊಲೆನಾಯ್ಡ್ ವಾಲ್ವ್, ಗಾಳಿ ಕೂಡಿಡುವ ಟ್ಯಾಂಕ್ ಇದ್ದರೆ ಅದಕ್ಕೊಂದು. ವಾಲ್ವ್‌ನಿಂದ ತೆಳು ನೈಲಾನ್ ಪೈಪ್, ಅದರ ತುದಿಯಲ್ಲಿ ಬಲೂನು. ಪ್ರತಿ ಮೂಲೆಯ ಎತ್ತರ ಅಳೆಯುವ ಹೈಟ್ ಸೆನ್ಸರ್ ಒಂದು ಪುಟ್ಟ ಕಡ್ಡಿಯ ಮೂಲಕ ಸಸ್ಪೆನ್ಷನ್ ಆರ್ಮ್‌ಗೆ (ಚಕ್ರ ಹಿಡಿದ ತೋಳಿಗೆ) ಸೇರಿರುತ್ತದೆ. ಇವೆಲ್ಲವನ್ನೂ ನಡೆಸುವುದು ಒಂದು ಕಂಟ್ರೋಲರ್.

ಇದರಲ್ಲಿ ನೆನಪಿಡಬೇಕಾದ ಸಂಗತಿ: ಗಾಡಿ ನಿಂತಿರುವಾಗ ಆ ನಾಲ್ಕೂ ವಾಲ್ವ್ ಮುಚ್ಚಿರುತ್ತವೆ. ಬಲೂನಿನ ಗಾಳಿ ಬಲೂನಿನಲ್ಲೇ ಸೆರೆ. ಆದ್ದರಿಂದ ಕಂಪ್ರೆಸರ್ ಎಷ್ಟೇ ಕೆಟ್ಟಿರಲಿ, ನಿಂತ ಗಾಡಿ ಅದರಿಂದ ಕೂರುವುದಿಲ್ಲ. ರಾತ್ರಿ ಒಂದು ಮೂಲೆ ಕೂತಿತೆಂದರೆ ತಪ್ಪು ವಾಲ್ವ್‌ನಿಂದ ಈಚೆಗೆ, ಬಲೂನಿನ ಕಡೆಗೆ ಇದೆ. ಅಥವಾ ಆ ವಾಲ್ವೇ ಪೂರ್ತಿ ಮುಚ್ಚುತ್ತಿಲ್ಲ. ಅರ್ಧ ತನಿಖೆ ಇಷ್ಟರಲ್ಲೇ ಮುಗಿಯಿತು.

ಇಂಥ ಗಾಡಿಗಳ ಬಲೂನಿನಲ್ಲಿ ಸುಮಾರು 5ರಿಂದ 10 ಬಾರ್ ಒತ್ತಡ, ಟ್ಯಾಂಕ್ ಇರುವ ವ್ಯವಸ್ಥೆಯಲ್ಲಿ ಅದರೊಳಗೆ 15 ಬಾರ್ ದಾಟುವುದೂ ಉಂಟು. ಆರ್1ಟಿಯ ಟೈರಿಗೆ ತುಂಬುವ ಗಾಳಿ 48 ಪಿಎಸ್‌ಐ, ಅಂದರೆ 3.3 ಬಾರ್. ಹೋಲಿಸಿ ನೋಡಿದರೆ ಈ ಪೈಪನ್ನು ಸುಮ್ಮನೆ ಸ್ಪ್ಯಾನರ್ ಹಾಕಿ ಯಾಕೆ ಬಿಚ್ಚಬಾರದು ಎಂದು ತಿಳಿಯುತ್ತದೆ.

ದೋಷವಲ್ಲದ್ದನ್ನು ಮೊದಲು ಬದಿಗಿಡಿ

ಸರ್ವೀಸಿಗೆ ಬರುವ ದೂರುಗಳಲ್ಲಿ ಕೆಲವು ದೋಷವೇ ಅಲ್ಲ. ಹೆದ್ದಾರಿಯ ವೇಗದಲ್ಲಿ ಗಾಡಿ ತಾನಾಗಿ ತಗ್ಗುತ್ತದೆ, ಗಾಳಿಯ ತಡೆ ಕಡಿಮೆಯಾಗಿ ರೇಂಜ್ ಉಳಿಯಲಿ ಎಂದು. ಅತಿ ಎತ್ತರದ ಮಟ್ಟಗಳು, ಉದಾಹರಣೆಗೆ ಹಮ್ಮರ್ ಮತ್ತು ಸೈಬರ್‌ಟ್ರಕ್‌ಗಳ ಎಕ್ಸ್‌ಟ್ರಾಕ್ಟ್, ನಿಧಾನ ವೇಗದಲ್ಲಿ ಮಾತ್ರ ಸಿಗುತ್ತವೆ. ಬಾಗಿಲು ತೆರೆದಿದ್ದರೆ ಅನೇಕ ಗಾಡಿಗಳು ಎತ್ತರ ಬದಲಿಸಲು ಒಪ್ಪುವುದಿಲ್ಲ. ಟ್ಯಾಂಕ್ ಇರುವ ಗಾಡಿ ಸದ್ದಿಲ್ಲದೆ ಎದ್ದು, ಆಮೇಲೆ ಟ್ಯಾಂಕ್ ತುಂಬಿಸಲು ಕಂಪ್ರೆಸರ್ ಓಡಿಸಿದರೆ ಅದೂ ಸರಿಯೇ.

ಮನೆಗೆ ಬಂದ ನೆಂಟರಿಗೆ ತೋರಿಸಲೆಂದು ಗಾಡಿಯನ್ನು ನಾಲ್ಕೈದು ಸಲ ಮೇಲೆ ಕೆಳಗೆ ಮಾಡಿದ ಮೇಲೆ ‘ಸಸ್ಪೆನ್ಷನ್ ಈಗ ಲಭ್ಯವಿಲ್ಲ’ ಎಂಬರ್ಥದ ಸೂಚನೆ ಬಂದರೆ ಗಾಬರಿ ಬೇಡ. ಕಂಪ್ರೆಸರ್ ಬಿಸಿಯಾಗಿದೆ, ಕಂಟ್ರೋಲರ್ ಅದಕ್ಕೆ ಬಿಡುವು ಕೊಟ್ಟಿದೆ. ಅರ್ಧ ಗಂಟೆ ಬಿಟ್ಟು ನೋಡಿ. ಏನೂ ಆಡಿಸದೆ ಇದೇ ಸೂಚನೆ ಬರುತ್ತಿದ್ದರೆ ಮಾತ್ರ ಮುಂದಿನ ತನಿಖೆ.

ಚಳಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಸಂಜೆ ಬೆಚ್ಚಗಿನ ಗ್ಯಾರೇಜಿನಲ್ಲಿ 20 ಡಿಗ್ರಿ ಸೆಲ್ಸಿಯಸ್ ಇದ್ದ ಗಾಳಿ ಹೊರಗೆ ಮೈನಸ್ 10ಕ್ಕೆ ಇಳಿದರೆ ಅದರ ಗಾತ್ರ ಸುಮಾರು ಹತ್ತರಲ್ಲೊಂದು ಭಾಗ ಕುಗ್ಗುತ್ತದೆ. ಗಾಡಿಯ ತೂಕ ಬದಲಾಗುವುದಿಲ್ಲವಾದ್ದರಿಂದ ಒತ್ತಡ ಅಷ್ಟೇ ಇರಬೇಕು, ಹಾಗಾಗಿ ಗಾತ್ರವೇ ಕುಗ್ಗಿ ಗಾಡಿ ತಗ್ಗುತ್ತದೆ. ನಾಲ್ಕೂ ಮೂಲೆ ಹೆಚ್ಚುಕಮ್ಮಿ ಒಂದೇ ಸಮ ಇಳಿದಿದ್ದರೆ ಅದು ಮಿನ್ನೆಸೋಟದ ಚಳಿಯ ಕೆಲಸ, ಸೋರಿಕೆಯದಲ್ಲ. ಹಾಗೆಯೇ ರಬ್ಬರಿನ ಮೂಲಕ ಗಾಳಿ ಬಹಳ ನಿಧಾನವಾಗಿ ಹೊರಹೋಗುತ್ತಲೇ ಇರುತ್ತದೆ. ಡಿಸೆಂಬರಿನಲ್ಲಿ ಊರಿಗೆ ಹೋಗಿ ತಿಂಗಳು ಬಿಟ್ಟು ಬಂದವರಿಗೆ ಗಾಡಿ ಒಂದಿಷ್ಟು ತಗ್ಗಿ ಕಂಡರೆ ಅದನ್ನು ಒಂದು ರಾತ್ರಿಯ ಕುಸಿತದ ಜೊತೆ ಹೋಲಿಸಬೇಡಿ.

ಆರ್1ಟಿಯವರಿಗೆ ಒಂದು ಮಾತು. ಅದರಲ್ಲಿ ಮಾಮೂಲಿ ಆಂಟಿ-ರೋಲ್ ಬಾರ್ ಇಲ್ಲ; ತಿರುವಿನಲ್ಲಿ ವಾಲದಂತೆ ಹಿಡಿಯುವುದು ಕುಲುಕಾಟ ತಡೆಯುವ ಡ್ಯಾಂಪರ್‌ಗಳನ್ನು ಜೋಡಿಸುವ ಹೈಡ್ರಾಲಿಕ್ ವ್ಯವಸ್ಥೆ. ನಿಂತಾಗ ಮಟ್ಟವಾಗಿದ್ದು ತಿರುವಿನಲ್ಲಿ ಮಾತ್ರ ಹೆಚ್ಚು ವಾಲಿದರೆ, ಅಥವಾ ಡ್ಯಾಂಪರ್ ಮೇಲೆ ಎಣ್ಣೆ ಜಿನುಗಿದ್ದರೆ, ಅದು ಗಾಳಿಯ ಸಮಸ್ಯೆಯಲ್ಲ. ಆ ಕೆಲಸ ಮನೆಯಲ್ಲಿ ಮಾಡುವಂಥದ್ದೂ ಅಲ್ಲ.

ಕೆಳಗೆ ಬಗ್ಗುವ ಮುಂಚೆ

ಆರ್1ಟಿ ಸುಮಾರು 3,200 ಕೆಜಿ. ಹಮ್ಮರ್ 4,000 ಕೆಜಿ ದಾಟುತ್ತದೆ. ಬರೀ ಗಾಳಿಯ ಮೇಲೆ ನಿಂತಿರುವ ಇಂಥ ಗಾಡಿಯ ಕೆಳಗೆ ತಲೆ, ಕೈ, ಯಾವುದನ್ನೂ ಹಾಕಬೇಡಿ. ವಾಲ್ವ್ ತೆರೆದರೆ ಅದು ಕ್ಷಣದಲ್ಲಿ ಕೂರುತ್ತದೆ. ಚಕ್ರದ ಕಮಾನಿನೊಳಗೆ ಕೈ ಹಾಕುವುದೂ ಇದರಲ್ಲೇ ಬಂತು.

ಜ್ಯಾಕ್ ಮೋಡ್ ಹಾಕಿ. ಟೈರ್ ಬದಲಿಸುವಾಗ ಗಾಡಿ ತಾನಾಗಿ ಮಟ್ಟ ಸರಿಪಡಿಸಿಕೊಳ್ಳದಂತೆ ತಡೆಯುವ ಆಯ್ಕೆ ಇದು. ಹೆಸರು ಗಾಡಿಯಿಂದ ಗಾಡಿಗೆ ಬೇರೆ ಇರಬಹುದು. ಟೆಸ್ಲಾದಲ್ಲಿ ಸರ್ವೀಸ್ ಮೆನುವಿನಲ್ಲಿದೆ. ಮ್ಯಾನ್ಯುಅಲ್ ತೋರಿಸಿದ ಜಾಗಕ್ಕೆ ಮಾತ್ರ ಜ್ಯಾಕ್ ಕೊಡಿ. ಹೊಟ್ಟೆಯ ಕೆಳಗಿನ ಅಗಲದ ಹಲಗೆಯಂಥ ಭಾಗ ಬ್ಯಾಟರಿ, ಅಲ್ಲಿ ಜ್ಯಾಕ್ ಕೊಟ್ಟರೆ ಸಸ್ಪೆನ್ಷನ್ನಿಗಿಂತ ಹತ್ತು ಪಟ್ಟು ದುಬಾರಿ ರಿಪೇರಿ ತಲೆಗೆ ಬರುತ್ತದೆ. ಎತ್ತಿದ ಮೇಲೆ 6 ಟನ್ ತಾಳುವ ಜ್ಯಾಕ್ ಸ್ಟ್ಯಾಂಡ್ ಕೊಟ್ಟೇ ಕೆಲಸ. ಕಿತ್ತಳೆ ಬಣ್ಣದ ಕೇಬಲ್ ಹೈ ವೋಲ್ಟೇಜ್. ಅದರ ಹತ್ತಿರ ಉಪಕರಣ ತರಬೇಡಿ.

ಸೈಬರ್‌ಟ್ರಕ್‌ನ ಲೋ ವೋಲ್ಟೇಜ್ ವ್ಯವಸ್ಥೆ 12 ವೋಲ್ಟ್ ಅಲ್ಲ, 48 ವೋಲ್ಟ್. 12 ವೋಲ್ಟಿನ ಟೆಸ್ಟ್ ಲ್ಯಾಂಪ್ ಹಿಡಿದು ಹೋದರೆ ಬಲ್ಬ್ ಸುಟ್ಟುಹೋಗುತ್ತದೆ. ಮಲ್ಟಿಮೀಟರ್ ಒಂದೇ ದಾರಿ.

ರಾತ್ರಿಯ ಅಳತೆ

ಇಷ್ಟು ಸರಳ ಪರೀಕ್ಷೆ ಇಷ್ಟು ಹೇಳುವುದು ಬೇರೊಂದಿಲ್ಲ. ಬೇಕಾದದ್ದು ಟೇಪು, ಮಾಸ್ಕಿಂಗ್ ಟೇಪ್, ಪೆನ್ನು.

1. ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ. ಡ್ರೈವ್‌ವೇ ಇಳಿಜಾರಿದ್ದರೆ ಗ್ಯಾರೇಜಿನೊಳಗೆ. ಪಿಕಪ್‌ನ ಹಿಂದಿನ ತೊಟ್ಟಿಯ ಸಾಮಾನು ಇಳಿಸಿ.

2. ಸ್ಟ್ಯಾಂಡರ್ಡ್ ಎತ್ತರಕ್ಕೆ ತಂದು, ಸ್ವಲ್ಪ ದೂರ ಮುಂದೆ ಹಿಂದೆ ಓಡಿಸಿ ನಿಲ್ಲಿಸಿ. ಇಲ್ಲದಿದ್ದರೆ ಟೈರು ನೆಲಕ್ಕೆ ಕಚ್ಚಿಕೊಂಡು ಮೊದಲ ಅಳತೆಯೇ ತಪ್ಪುತ್ತದೆ.

3. ತಾನಾಗಿ ಮಟ್ಟ ಮಾಡಿಕೊಳ್ಳುವುದನ್ನು ಜ್ಯಾಕ್ ಮೋಡ್‌ನಿಂದ ತಡೆಯಿರಿ. ಚಾರ್ಜರ್ ತೆಗೆಯಿರಿ. ಕ್ಯಾಮೆರಾ ಕಾವಲಿನ ಮೋಡ್ ಆಫ್ ಮಾಡಿ. ಕೀ ಇರುವ ಫೋನನ್ನು ದೂರ ಇಡಿ, ಆ್ಯಪ್ ತೆಗೆದು ನೋಡುತ್ತಿರಬೇಡಿ. ಎಲೆಕ್ಟ್ರಿಕ್ ಗಾಡಿ ಇವುಗಳಲ್ಲಿ ಯಾವುದರಿಂದಲೂ ಎಚ್ಚರವಾಗಬಹುದು. ಎಚ್ಚರವಾದ ಗಾಡಿ ಮಟ್ಟ ಸರಿಮಾಡಿಕೊಂಡರೆ ನಿಮ್ಮ ಪರೀಕ್ಷೆ ಹಾಳು.

4. ಚಕ್ರದ ನಡುಬಿಂದುವಿನಿಂದ ಮೇಲಿನ ಕಮಾನಿನ ಅಂಚಿಗೆ, ಮಿಲಿಮೀಟರಿನಲ್ಲಿ ಅಳೆಯಿರಿ. ನೆಲದಿಂದ ಅಳೆದರೆ ಟೈರಿನ ಗಾಳಿಯೂ ಲೆಕ್ಕಕ್ಕೆ ಬಂದುಬಿಡುತ್ತದೆ. ಕಮಾನಿನ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ ಗುರುತು ಹಾಕಿ. ಬೆಳಿಗ್ಗೆ ಅದೇ ಗುರುತಿಗೆ ಅಳೆಯಬೇಕು.

5. ಎರಡು ಗಂಟೆ ಬಿಟ್ಟು ಒಮ್ಮೆ, ಮತ್ತೆ ಎಂಟರಿಂದ ಹನ್ನೆರಡು ಗಂಟೆ ಬಿಟ್ಟು ಅಳೆಯಿರಿ. ಹವೆಯ ಉಷ್ಣತೆಯನ್ನೂ ಪಕ್ಕದಲ್ಲಿ ಬರೆಯಿರಿ.

6. ಮಾರನೆಯ ರಾತ್ರಿ ಅತಿ ತಗ್ಗಿದ ಮಟ್ಟದಲ್ಲಿ, ಅದರ ಮಾರನೆಯ ರಾತ್ರಿ ಎತ್ತರದ ಮಟ್ಟದಲ್ಲಿ ಇದೇ ಪರೀಕ್ಷೆ.

ಆರನೆಯದನ್ನು ಜನ ಬಿಟ್ಟುಬಿಡುತ್ತಾರೆ, ಬಿಡಬೇಡಿ. ಬಲೂನಿನ ರಬ್ಬರ್ ಕೆಳಗೆ ಕಾಲುಚೀಲದ ಅಂಚು ಮಡಿಸಿದ ಹಾಗೆ ಒಳಗೆ ಮಡಿಕೆಯಾಗಿ ಉರುಳುತ್ತದೆ. ಬಿರುಕು ಬೀಳುವುದು ಸಾಮಾನ್ಯವಾಗಿ ಆ ಮಡಿಕೆಯಲ್ಲಿ. ಗಾಡಿ ಒಂದು ಎತ್ತರದಲ್ಲಿದ್ದಾಗ ಬಿರುಕು ಮಡಿಕೆಯ ತಿರುವಿಗೆ ಬಂದು ಬಾಯಿಬಿಡುತ್ತದೆ, ಇನ್ನೊಂದರಲ್ಲಿ ಬಲೂನಿನ ಕೆಳಗಿರುವ ಗಟ್ಟಿ ಪಿಸ್ಟನ್ನಿಗೆ ಒತ್ತಿಕೊಂಡು ಮುಚ್ಚಿಕೊಳ್ಳುತ್ತದೆ. ‘ಸರ್ವೀಸ್ ಸೆಂಟರಿನಲ್ಲಿ ನೋಡಿದರು, ಸೋರಿಕೆ ಸಿಗಲಿಲ್ಲ’ ಎಂಬ ಮಾತಿನ ಹಿಂದೆ ಅನೇಕ ಸಲ ಇರುವುದು ಇದೇ: ಅವರು ಲಿಫ್ಟಿನ ಮೇಲೆ ಚಕ್ರ ಜೋತುಬಿದ್ದಾಗ ನೋಡಿರುತ್ತಾರೆ, ಸೋರುವುದು ತಗ್ಗಿ ಕೂತಾಗ.

ಈಗ ಅಂಕಿಗಳನ್ನು ಓದೋಣ. ನಾಲ್ಕು ಮೂಲೆಯ ಬದಲಾವಣೆ 5 ಮಿಮೀ ಒಳಗಿದ್ದರೆ ಬಿಟ್ಟುಬಿಡಿ. ಒಂದೇ ಮೂಲೆ ಪ್ರತಿಸಲವೂ 10 ಮಿಮೀಗಿಂತ ಹೆಚ್ಚು ಇಳಿಯುತ್ತಿದ್ದರೆ ಆ ಮೂಲೆಯಲ್ಲಿ ಸೋರಿಕೆ: ಬಲೂನು, ಅದರ ತಲೆಯ ಫಿಟ್ಟಿಂಗ್, ಪೈಪ್, ಅಥವಾ ವಾಲ್ವ್ ಬ್ಲಾಕಿನಲ್ಲಿ ಆ ಪೈಪ್ ಸೇರುವ ಜಾಗ. ಯಾವ ಮೂಲೆಯೂ ಇಳಿಯದೆ, ಎಚ್ಚರವಾದಾಗಲೆಲ್ಲ ಕಂಪ್ರೆಸರ್ ಓಡುತ್ತಿದ್ದರೆ ಸೋರುತ್ತಿರುವುದು ಟ್ಯಾಂಕ್, ಅಥವಾ ಕಂಪ್ರೆಸರಿನಿಂದ ಬ್ಲಾಕಿನವರೆಗಿನ ಹಾದಿ, ಅಥವಾ ಹೊರಬಿಡುವ ಎಕ್ಸಾಸ್ಟ್ ವಾಲ್ವ್. ಒಂದು ಮೂಲೆ ಇಳಿದು ಪಕ್ಕದ್ದು ನಿಧಾನವಾಗಿ ಏರುತ್ತಿದ್ದರೆ ಬ್ಲಾಕಿನೊಳಗೆ ಎರಡು ವಾಲ್ವ್ ಸರಿಯಾಗಿ ಮುಚ್ಚದೆ ಗಾಳಿ ಅದರಿಂದ ಇದಕ್ಕೆ ದಾಟುತ್ತಿರಬಹುದು.

ಇಲ್ಲೊಂದು ಮೋಸವಿದೆ. ಗಾಡಿಯ ಮೈ ಗಟ್ಟಿ, ಮಂಚದಂತೆ. ಎಡ ಮುಂದಿನ ಮೂಲೆ ಕುಸಿದರೆ ಕರ್ಣದಲ್ಲಿ ಎದುರಿರುವ ಬಲ ಹಿಂದಿನ ಮೂಲೆ ಕೆಲವು ಮಿಲಿಮೀಟರ್ ಏಳುತ್ತದೆ. ‘ಬಲ ಹಿಂದೆ ಯಾಕೋ ಎತ್ತರವಾಗಿದೆ’ ಎಂದು ಅಲ್ಲಿನ ಸೆನ್ಸರ್ ಬದಲಿಸಿದವರಿದ್ದಾರೆ. ಎದ್ದ ಮೂಲೆಯನ್ನಲ್ಲ, ಕೂತ ಮೂಲೆಯನ್ನು ಅನುಮಾನಿಸಿ.

ಸೋಪಿನ ನೀರು

ಪಂಕ್ಚರ್ ಅಂಗಡಿಯವನು ಟ್ಯೂಬನ್ನು ನೀರಿನ ಬಾಣಲೆಯಲ್ಲಿ ಅದ್ದಿ ಗುಳ್ಳೆ ಹುಡುಕುತ್ತಾನಲ್ಲ, ಕೆಲಸ ಅದೇ. ಒಂದು ಕಪ್ ನೀರಿಗೆ ಒಂದು ದೊಡ್ಡ ಚಮಚ ಪಾತ್ರೆ ತೊಳೆಯುವ ಲಿಕ್ವಿಡ್, ಸ್ಪ್ರೇ ಬಾಟಲಿಗೆ. ಕುಲುಕಬೇಡಿ, ಮೊದಲೇ ನೊರೆ ಇದ್ದರೆ ಸೋರಿಕೆಯ ನೊರೆ ಯಾವುದೆಂದು ತಿಳಿಯುವುದಿಲ್ಲ. ಅಮೋನಿಯಾ ಇರುವ ಗಾಜು ಒರೆಸುವ ಲಿಕ್ವಿಡ್ ಬೇಡ, ಅದು ಹಿತ್ತಾಳೆ ಫಿಟ್ಟಿಂಗಿಗೂ ರಬ್ಬರಿಗೂ ಒಳ್ಳೆಯದಲ್ಲ.

ಗಾಡಿಯನ್ನು ಸೋರುವ ಎತ್ತರದಲ್ಲೇ ಇಟ್ಟು ಚಾಸಿಗೆ ಆಧಾರ ಕೊಡಿ. ಚಕ್ರದ ಕಮಾನಿನ ಒಳಹಾಸು ತೆಗೆಯಬೇಕಾಗಬಹುದು. ಮೊದಲು ಮಣ್ಣು, ರಸ್ತೆಯ ಉಪ್ಪು ತೊಳೆದು ಒರೆಸಿ. ಗದ್ದಲವಿಲ್ಲದ ಗ್ಯಾರೇಜಿನಲ್ಲಿ ಒಂದು ನಿಮಿಷ ಕಿವಿಗೊಡಿ. ಎಂಜಿನ್ ಸದ್ದಿಲ್ಲದಿರುವುದು ಈ ಗಾಡಿಗಳ ಅನುಕೂಲ, ಆದರೆ ಚಾರ್ಜಿಂಗ್ ಹೊತ್ತಿನ ಕೂಲೆಂಟ್ ಪಂಪ್ ಮತ್ತು ಫ್ಯಾನ್ ಸದ್ದು ಸೋರಿಕೆಯ ‘ಸ್ಸ್’ ಅನ್ನು ನುಂಗಿಬಿಡುತ್ತದೆ. ಅದಕ್ಕೇ ಚಾರ್ಜರ್ ತೆಗೆದಿರಬೇಕು.

ಸ್ಪ್ರೇ ಮಾಡುವ ಕ್ರಮ: ಬಲೂನಿನ ತಲೆಯಲ್ಲಿ ಪೈಪ್ ಸೇರುವ ಫಿಟ್ಟಿಂಗ್, ರಬ್ಬರನ್ನು ಲೋಹಕ್ಕೆ ಹಿಡಿದ ಉಂಗುರ, ಕೊನೆಗೆ ಕೆಳಗಿನ ಮಡಿಕೆ. ಅಲ್ಲಿಂದ ಪೈಪಿನುದ್ದಕ್ಕೂ ಸಾಗಿ ವಾಲ್ವ್ ಬ್ಲಾಕಿನವರೆಗೆ. ದೊಡ್ಡ ಸೋರಿಕೆ ಕೂಡಲೇ ಗುಳ್ಳೆ ಊದುತ್ತದೆ. ಸಣ್ಣದಕ್ಕೆ ಎರಡು ಮೂರು ನಿಮಿಷ ಬೇಕು. ಅದು ಗುಳ್ಳೆಯಾಗಿ ಬರುವುದಿಲ್ಲ. ರಾಗಿ ಕಾಳಿಗಿಂತ ಸಣ್ಣ ಬಿಳಿ ನೊರೆ ಒಂದು ಕಡೆ ಮೆಲ್ಲನೆ ಕೂಡುತ್ತದೆ, ಒರೆಸಿದರೆ ಅಲ್ಲೇ ಮತ್ತೆ ಕೂಡುತ್ತದೆ. ಟಾರ್ಚನ್ನು ಪಕ್ಕದಿಂದ ಹಿಡಿದರೆ ಕಾಣುತ್ತದೆ, ನೇರಕ್ಕೆ ಹಿಡಿದರೆ ಕಾಣುವುದಿಲ್ಲ. ಮುಗಿದ ಮೇಲೆ ಬರೀ ನೀರಿನಿಂದ ತೊಳೆಯಿರಿ.

ಪೈಪಿನ ತುದಿ

ಸೋರಿಕೆ ಫಿಟ್ಟಿಂಗಿನಲ್ಲಿ ಸಿಕ್ಕಿದರೆ ನಿಮ್ಮ ಅದೃಷ್ಟ, ಇದು ಅಗ್ಗದ ರಿಪೇರಿ. ಆದರೆ ಗಾಳಿ ಇಳಿಸದೆ ಮುಟ್ಟಬೇಡಿ. ಚಾಸಿ ಸ್ಟ್ಯಾಂಡಿನ ಮೇಲೆ ಕೂತ ನಂತರ, ಆ ಮೂಲೆಯ ಗಾಳಿಯನ್ನು ಸ್ಕ್ಯಾನ್ ಟೂಲ್ (ಗಾಡಿಯ ಕಂಪ್ಯೂಟರಿನ ಜೊತೆ ಮಾತಾಡುವ ಉಪಕರಣ) ಅಥವಾ ಗಾಡಿಯದೇ ಸರ್ವೀಸ್ ಪರದೆಯಿಂದ ಇಳಿಸಬೇಕು. ಅದಿಲ್ಲದವರು ಈ ಹಂತದಲ್ಲಿ ಸರ್ವೀಸ್ ಸೆಂಟರಿಗೆ ಬಿಡುವುದು ಜಾಣತನ.

ಪೈಪನ್ನು ಹೊರತೆಗೆದಾಗ ತುದಿಯ ಮೇಲೆ ಫಿಟ್ಟಿಂಗ್ ಕಚ್ಚಿದ ಗೀರು ಇರುತ್ತದೆ. ಆ ಗೀರಿನ ಮೇಲೆ ಮತ್ತೆ ಸೀಲ್ ಕೂರುವುದಿಲ್ಲ. ಉದ್ದ ಸಾಕಷ್ಟಿದ್ದರೆ 5ರಿಂದ 10 ಮಿಮೀ ಕತ್ತರಿಸಿ. ಕಟಿಂಗ್ ಪ್ಲೇಯರ್ ಬೇಡ, ಅದು ಪೈಪನ್ನು ಜಜ್ಜಿ ಅಂಡಾಕಾರ ಮಾಡುತ್ತದೆ. ನೈಲಾನ್ ಪೈಪಿಗೆಂದೇ ಇರುವ ಬ್ಲೇಡ್ ಕಟರ್‌ನಿಂದ ನೇರ ಕಡಿತ ಬೇಕು. ಹೊಸ ತುದಿ ಎಷ್ಟು ಒಳಹೋಗಬೇಕೋ ಅಷ್ಟಕ್ಕೆ ಪೆನ್ನಿನ ಗುರುತು ಹಾಕಿ, ಗುರುತು ಮರೆಯಾಗುವವರೆಗೆ ಒತ್ತಿ, ಒಮ್ಮೆ ಎಳೆದು ನೋಡಿ.

ಅಮೆರಿಕದಲ್ಲಿ ಇಲ್ಲೊಂದು ಗುಂಡಿ ತೋಡಿಟ್ಟಿದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಕಾಲು ಇಂಚಿನ ಪೈಪ್ 6.35 ಮಿಮೀ. ಕಾರಿನ ಫಿಟ್ಟಿಂಗ್ 6 ಮಿಮೀನದಾದರೆ ಅದು ಒತ್ತಾಯಕ್ಕೆ ಒಳಹೋದಂತೆ ಕಾಣುತ್ತದೆ, ಸೀಲ್ ಕೊಯ್ದುಹೋಗಿ ವಾರದೊಳಗೆ ಸೋರುತ್ತದೆ. ಪೈಪನ್ನು ಕ್ಯಾಲಿಪರ್‌ನಲ್ಲಿ ಅಳೆದೇ ಕೊಳ್ಳಿ.

ಬಲೂನಿನ ರಬ್ಬರಿನಲ್ಲೇ ಸೋರಿಕೆ ಇದ್ದರೆ ಅಂಟು, ಪ್ಯಾಚು, ಸೀಲಂಟ್ ಯಾವುದೂ ನಿಲ್ಲದು. ಬಲೂನು ಬದಲಿಸಬೇಕು. ಹಾಕುವಾಗ ಬಹಳ ಜನ ಮಾಡುವ ತಪ್ಪು: ಹೊಸ ಬಲೂನಿಗೆ ಗಾಳಿ ತುಂಬದೆಯೇ ಜ್ಯಾಕ್ ಇಳಿಸುವುದು. ಖಾಲಿ ಬಲೂನಿನ ಮೇಲೆ ಮುಕ್ಕಾಲು ಟನ್ ಭಾರ ಬಿದ್ದರೆ ಮಡಿಕೆ ಅಡ್ಡಾದಿಡ್ಡಿಯಾಗಿ ಸಿಕ್ಕಿಕೊಂಡು ಮೊದಲ ದಿನವೇ ಕೊಯ್ದುಹೋಗುತ್ತದೆ. ಮೊದಲು ಸ್ವಲ್ಪ ಗಾಳಿ ತುಂಬಿ, ಮಡಿಕೆ ಸುತ್ತಲೂ ಸಮನಾಗಿ ಉರುಳಿದೆಯೇ ಎಂದು ಬೆರಳಾಡಿಸಿ ನೋಡಿ, ಆಮೇಲೆ ಭಾರ ಇಳಿಸಿ. ಹೊಸ ಬಲೂನಿನ ತಲೆಯಲ್ಲಿ ಒಂದಿಷ್ಟು ಒತ್ತಡವನ್ನು ಸದಾ ಉಳಿಸುವ ವಾಲ್ವ್ ಇದ್ದರೆ ಅದನ್ನು ಬಿಚ್ಚಬೇಡಿ. ಜೋತುಬಿದ್ದ ಚಕ್ರದ ಬಲೂನಿಗೆ ಪೂರ್ತಿ ಒತ್ತಡ ಕೊಡುವುದೂ ತಪ್ಪು.

ಕಂಪ್ರೆಸರ್ ಸಾಯುವುದು ಹೇಗೆ

ಡ್ರೈಯರಿನ ಹರಳು ಗಾಳಿಯ ತೇವವನ್ನು ಹೀರುತ್ತದೆ. ತಾನು ಹೀರಿದ್ದನ್ನು ಹೊರಹಾಕಲು ಅದಕ್ಕೆ ಒಂದೇ ಅವಕಾಶ: ಗಾಡಿ ತಗ್ಗುವಾಗ ಬಲೂನಿನ ಒಣ ಗಾಳಿ ಅದೇ ಡ್ರೈಯರಿನ ಮೂಲಕ ಹಿಮ್ಮುಖವಾಗಿ ಹೊರಹೋಗುತ್ತದೆ, ಹೋಗುವಾಗ ತೇವವನ್ನೂ ಒಯ್ಯುತ್ತದೆ. ಬಲೂನು ಸೋರುತ್ತಿದ್ದರೆ ಗಾಳಿ ಡ್ರೈಯರಿಗೆ ಮರಳುವುದೇ ಇಲ್ಲ, ತೂತಿನಿಂದ ಹೊರಟುಹೋಗುತ್ತದೆ. ಕಂಪ್ರೆಸರ್ ದಿನಾ ಹೊಸ ತೇವದ ಗಾಳಿ ಎಳೆಯುತ್ತದೆ, ಹರಳು ಒದ್ದೆಯಾಗುತ್ತಲೇ ಹೋಗುತ್ತದೆ. ಕೊನೆಗೆ ಅದು ಪುಡಿಯಾಗಿ ಬಿಳಿ ಹಿಟ್ಟಿನಂತೆ ವಾಲ್ವ್ ಬ್ಲಾಕಿಗೆ ಸೇರುತ್ತದೆ, ವಾಲ್ವ್‌ಗಳು ಮುಚ್ಚದಾಗುತ್ತವೆ. ಇತ್ತ ಅಳತೆ ಮೀರಿ ಓಡಿದ ಕಂಪ್ರೆಸರಿನ ಪಿಸ್ಟನ್ ಸೀಲ್ ಸವೆಯುತ್ತದೆ. ಒಂದು ತೂತು ಮೂರು ಭಾಗವನ್ನು ತಿಂದಿತು.

ಹಾಗಾಗಿ ಕಂಪ್ರೆಸರ್ ಬದಲಿಸುವ ದಿನ ಪೈಪಿನ ತುದಿಯನ್ನು ಬಿಳಿ ಕಾಗದದ ಮೇಲೆ ತಟ್ಟಿ ನೋಡಿ, ಅಥವಾ ನೋಡಲು ಹೇಳಿ. ಬಿಳಿ ಪುಡಿ ಬಿದ್ದರೆ ಡ್ರೈಯರ್ ಜೊತೆಗೆ ವಾಲ್ವ್ ಬ್ಲಾಕನ್ನೂ ಬದಲಿಸುವುದೇ ಲೇಸು. ನೀರಿನ ಹನಿ ಬಿದ್ದರೆ ಪೈಪ್‌ಗಳನ್ನು ಒಣಗಿಸಬೇಕು. ಚಳಿಗಾಲದಲ್ಲಿ ಬೆಳಿಗ್ಗೆ ಏಳದೆ ಮಧ್ಯಾಹ್ನ ಬಿಸಿಲಿಗೆ ಸರಿಹೋಗುವ ಗಾಡಿಯೊಳಗೆ ಇರುವುದು ಈ ನೀರೇ, ವಾಲ್ವ್‌ನಲ್ಲಿ ಹೆಪ್ಪುಗಟ್ಟಿರುತ್ತದೆ.

ಕಂಪ್ರೆಸರಿನ ಆರೋಗ್ಯಕ್ಕೆ ಒಂದು ಸುಲಭ ಪರೀಕ್ಷೆಯೆಂದರೆ ಸ್ಟಾಪ್‌ವಾಚ್. ಗಾಡಿ ಹೊಸದಾಗಿದ್ದಾಗಲೇ ತಗ್ಗಿದ ಮಟ್ಟದಿಂದ ಎತ್ತರದ ಮಟ್ಟಕ್ಕೆ ಏರಲು ಎಷ್ಟು ಸೆಕೆಂಡ್ ಬೇಕು ಎಂದು ಬರೆದಿಡಿ; ಭಾರ ಮತ್ತು ಹವೆ ಒಂದೇ ರೀತಿ ಇರಲಿ. ಮುಂದೆ ಅದೇ ಕೆಲಸಕ್ಕೆ ಒಂದೂವರೆ ಪಟ್ಟು ಹೊತ್ತು ಹಿಡಿದರೆ, ರಾತ್ರಿ ಅಳತೆಯಲ್ಲಿ ಸೋರಿಕೆ ಕಾಣದಿದ್ದರೆ, ಕಂಪ್ರೆಸರ್ ಬಳಲಿದೆ ಅಥವಾ ಅದರ ಗಾಳಿ ಫಿಲ್ಟರ್ ಕಟ್ಟಿಕೊಂಡಿದೆ. ಮಣ್ಣುರಸ್ತೆಯಲ್ಲಿ ಓಡಾಡುವವರು ಫಿಲ್ಟರನ್ನೇ ಮೊದಲು ನೋಡಿ.

ಕಂಪ್ರೆಸರ್ ಸದ್ದೇ ಮಾಡದಿದ್ದರೆ ವಿಚಾರ ವಿದ್ಯುತ್ತಿನದು. ಫ್ಯೂಸ್, ರಿಲೇ, ಕನೆಕ್ಟರ್ ಈ ಕ್ರಮದಲ್ಲಿ ನೋಡಿ. ಹೊಸ ಗಾಡಿಗಳಲ್ಲಿ ಬಿಚ್ಚಿ ನೋಡುವ ಫ್ಯೂಸ್ ಬದಲು ಎಲೆಕ್ಟ್ರಾನಿಕ್ ಫ್ಯೂಸ್ ಇರಬಹುದು, ಆಗ ಸ್ಕ್ಯಾನ್ ಟೂಲೇ ಗತಿ. 12 ವೋಲ್ಟ್ ಕಂಪ್ರೆಸರಾದರೆ ಓಡುತ್ತಿರುವಾಗ ಅದರ ಕನೆಕ್ಟರಿನಲ್ಲಿ ಅಳೆಯಿರಿ. ಬ್ಯಾಟರಿಯ ವೋಲ್ಟೇಜಿಗಿಂತ ಅರ್ಧ ವೋಲ್ಟಿಗೂ ಹೆಚ್ಚು ಕಡಿಮೆಯಿದ್ದರೆ ವೈರಿನಲ್ಲೋ ಅರ್ಥಿಂಗಿನಲ್ಲೋ ತುಕ್ಕಿದೆ. ರಸ್ತೆಗೆ ಉಪ್ಪು ಸುರಿಯುವ ಮಿಶಿಗನ್, ನ್ಯೂಯಾರ್ಕ್ ಕಡೆ ಇದು ಮಾಮೂಲಿ. ಇನ್ನು ನಿಂತ ಗಾಡಿಯಲ್ಲೂ ಕಂಪ್ರೆಸರ್ ನಿಲ್ಲದೆ ಓಡುತ್ತಿದ್ದರೆ ರಿಲೇ ಅಂಟಿಕೊಂಡಿದೆ. ಫ್ಯೂಸ್ ಇದ್ದರೆ ತಕ್ಷಣ ತೆಗೆಯಿರಿ.

ಸೆನ್ಸರ್ ಸುಳ್ಳು ಹೇಳುವಾಗ

ಸೋರಿಕೆ ಮತ್ತು ಸೆನ್ಸರ್ ದೋಷವನ್ನು ಬೇರ್ಪಡಿಸುವ ಗೆರೆ ಸ್ಪಷ್ಟ: ಸೋರುವ ಗಾಡಿ ಮಲಗಿದ್ದಾಗ ಇಳಿಯುತ್ತದೆ; ಸೆನ್ಸರ್ ಕೆಟ್ಟ ಗಾಡಿ ಎಚ್ಚರವಿದ್ದಾಗ ತಪ್ಪು ಎತ್ತರಕ್ಕೆ ಹೋಗುತ್ತದೆ. ರಾತ್ರಿಯಿಡೀ ಅಲುಗದ ಗಾಡಿ ಓಡಿಸಲು ಶುರುಮಾಡಿದೊಡನೆ ಒಂದು ಕಡೆಗೆ ವಾಲಿಕೊಂಡರೆ ಸೆನ್ಸರ್ ನೋಡಿ.

ಮೊದಲು ಕಣ್ಣಿಂದ. ಸೆನ್ಸರಿನ ಕಡ್ಡಿ ತುದಿಯ ಪ್ಲಾಸ್ಟಿಕ್ ಗುಂಡು ಕಳಚಿದೆಯೇ, ಕಲ್ಲು ಬಡಿದು ಬಾಗಿದೆಯೇ, ಕನೆಕ್ಟರಿನೊಳಗೆ ಹಸಿರು ತುಕ್ಕು ಬಂದಿದೆಯೇ. ಆಮೇಲೆ ಸ್ಕ್ಯಾನ್ ಟೂಲಿನಲ್ಲಿ ನಾಲ್ಕೂ ಸೆನ್ಸರಿನ ಓದನ್ನು ನಿಮ್ಮ ಟೇಪಿನ ಅಳತೆಯ ಪಕ್ಕ ಇಟ್ಟು ನೋಡಿ. ಟೇಪು ಎಡ ಬಲ ಸಮ ಎಂದು ಹೇಳುವಾಗ ಪರದೆ 25 ಮಿಮೀ ವ್ಯತ್ಯಾಸ ತೋರಿಸಿದರೆ ಸುಳ್ಳುಗಾರ ಸಿಕ್ಕಿಬಿದ್ದ. ಮೂರು ವೈರಿನ ಅನಲಾಗ್ ಸೆನ್ಸರಾದರೆ 5 ವೋಲ್ಟ್ ಪೂರೈಕೆ, ಸಿಗ್ನಲ್ ಸುಮಾರು 0.5ರಿಂದ 4.5 ವೋಲ್ಟಿನೊಳಗೆ ಎತ್ತರಕ್ಕೆ ತಕ್ಕಂತೆ ಜಿಗಿಯದೆ ಬದಲಾಗಬೇಕು. ಡಿಜಿಟಲ್ ಸೆನ್ಸರನ್ನು ಮಲ್ಟಿಮೀಟರಿನಿಂದ ಹೀಗೆ ಅಳೆಯಲಾಗದು.

ಸೆನ್ಸರ್ ಬದಲಿಸಿದರೆ ಎತ್ತರದ ಕ್ಯಾಲಿಬ್ರೇಷನ್ ಕಡ್ಡಾಯ. ವೀಲ್ ಅಲೈನ್‌ಮೆಂಟ್ ಅದರ ನಂತರ, ಗಾಡಿ ಕಂಪನಿ ಹೇಳಿದ ಎತ್ತರದಲ್ಲಿ ನಿಂತಿರುವಾಗ ಮಾಡಿಸಬೇಕು. ಎತ್ತರ ಬದಲಾದರೆ ಚಕ್ರದ ಕೋನಗಳಾದ ಟೋ, ಕ್ಯಾಂಬರ್ ಎರಡೂ ಬದಲಾಗುತ್ತವೆ. ತಪ್ಪಾಗಿ ತಗ್ಗಿದ ಗಾಡಿಯಲ್ಲಿ ಅಲೈನ್‌ಮೆಂಟ್ ಮಾಡಿಸಿದರೆ ಟೈರಿನ ಒಳ ಅಂಚು ಸವೆಯತೊಡಗಿದಾಗಲೇ ಗೊತ್ತಾಗುವುದು.

ಗಾಡಿ ಕೂತೇಬಿಟ್ಟರೆ

ಬಂಪ್ ಸ್ಟಾಪ್ (ಸಸ್ಪೆನ್ಷನ್ನಿನ ಕೊನೆಯ ತಡೆ) ಮೇಲೆ ಪೂರ್ತಿ ಕೂತ ಗಾಡಿಯನ್ನು ಮನೆಯವರೆಗೆ ಹೇಗೋ ಓಡಿಸೋಣ ಎನ್ನಬೇಡಿ. ಚಕ್ರ ತಿರುಗಿಸಿದಾಗ ಟೈರು ಕಮಾನಿಗೆ ಉಜ್ಜುತ್ತದೆ, ಖಾಲಿ ಬಲೂನು ಕೆಲವೇ ಮೈಲಿಯಲ್ಲಿ ಕೊಯ್ದುಹೋಗುತ್ತದೆ. ಗಾಡಿಯನ್ನು ಮೇಲೆ ಹೊತ್ತೊಯ್ಯುವ ಫ್ಲಾಟ್‌ಬೆಡ್ ಲಾರಿ ಕರೆಸಿ. ಚಕ್ರ ನೆಲದ ಮೇಲೆ ಉರುಳುವಂತೆ ಎಲೆಕ್ಟ್ರಿಕ್ ಗಾಡಿಯನ್ನು ಎಳೆಯಬಾರದು, ಮೋಟಾರ್ ವಿದ್ಯುತ್ ಹುಟ್ಟಿಸಿ ಬಿಸಿಯಾಗುತ್ತದೆ. ಹತ್ತಿಸುವ ಮುಂಚೆ ಟೋ (ಎಳೆದೊಯ್ಯುವ) ಅಥವಾ ಟ್ರಾನ್ಸ್‌ಪೋರ್ಟ್ ಮೋಡ್ ಹಾಕಿ, ಜ್ಯಾಕ್ ಮೋಡನ್ನೂ ಹಾಕಿ. ಫ್ಲಾಟ್‌ಬೆಡ್ಡಿನ ಮೇಲೆ ಪಟ್ಟಿ ಬಿಗಿದ ನಂತರ ಗಾಡಿ ತಾನಾಗಿ ಎತ್ತರ ಬದಲಿಸಲು ಹೋದರೆ ಪಟ್ಟಿ ಸಡಿಲವಾಗುತ್ತದೆ. ಗಾಡಿ ಅತಿ ತಗ್ಗಿದ್ದು ಬಂಪರ್ ಉಜ್ಜುವಂತಿದ್ದರೆ ರ‍್ಯಾಂಪಿನ ಕೆಳಗೆ ಮರದ ಹಲಗೆ ಕೊಡಲು ಹೇಳಿ.

ವಾರಂಟಿ ಇದೆಯೇ ನೋಡಿಕೊಳ್ಳಿ. ಟೆಸ್ಲಾದ ಮೂಲ ವಾರಂಟಿ 4 ವರ್ಷ ಅಥವಾ 50,000 ಮೈಲಿ, ಜಿಎಂಸಿಯದು 3 ವರ್ಷ ಅಥವಾ 36,000 ಮೈಲಿ, ಯಾವುದು ಮೊದಲೋ ಅದು. ಬ್ಯಾಟರಿಗೆ ಕೊಡುವ ಉದ್ದದ ವಾರಂಟಿ ಸಸ್ಪೆನ್ಷನ್ನಿಗೆ ಅನ್ವಯಿಸದು. ಅವಧಿಯೊಳಗಿದ್ದರೆ ಪೈಪ್ ಬಿಚ್ಚುವ ಗೋಜಿಗೇ ಹೋಗದೆ ಅಳತೆ ಮತ್ತು ಸೋಪಿನ ಪರೀಕ್ಷೆಯಲ್ಲಿ ನಿಲ್ಲಿಸಿ.

ಸರ್ವೀಸ್ ಸೆಂಟರಿನಲ್ಲಿ ‘ಗಾಡಿ ಕೂರುತ್ತದೆ’ ಎಂದಷ್ಟೇ ಹೇಳಿದರೆ ಅವರು ಎರಡು ಗಂಟೆ ನಿಲ್ಲಿಸಿ ನೋಡಿ ‘ಏನೂ ಕಾಣಲಿಲ್ಲ’ ಎಂದು ಬರೆದು ಕಳಿಸುತ್ತಾರೆ. ಬದಲು ಇಂಥ ಚೀಟಿ ಕೊಡಿ: ‘ಎಡ ಮುಂದಿನ ಮೂಲೆ, ಅತಿ ತಗ್ಗಿದ ಮಟ್ಟದಲ್ಲಿ 10 ಗಂಟೆಗೆ 22 ಮಿಮೀ ಇಳಿಯುತ್ತದೆ, ಸ್ಟ್ಯಾಂಡರ್ಡ್‌ನಲ್ಲಿ 3 ಮಿಮೀ. ಉಷ್ಣತೆ 12ರಿಂದ 9 ಡಿಗ್ರಿ. ಉಳಿದ ಮೂರು ಮೂಲೆ 4 ಮಿಮೀ ಒಳಗೆ. ಚಾರ್ಜರ್ ತೆಗೆದಿತ್ತು, ಮಟ್ಟ ಮಾಡಿಕೊಳ್ಳುವುದು ಆಫ್ ಇತ್ತು.’ ಜೊತೆಗೆ ಟೇಪು ಹಿಡಿದ ಫೋಟೋ, ನೊರೆ ಕೂಡುತ್ತಿರುವ ವಿಡಿಯೋ. ರಿಪೇರಿಯಾಗಿ ಬಂದ ಮೇಲೆ ಅದೇ ಮಟ್ಟದಲ್ಲಿ, ಅದೇ ಮಾಸ್ಕಿಂಗ್ ಟೇಪಿನ ಗುರುತಿಗೆ ಇನ್ನೊಂದು ರಾತ್ರಿ ಅಳೆಯಿರಿ. ಹಾಗಾಗಿ ಆ ಟೇಪನ್ನು ಅಲ್ಲಿಯವರೆಗೆ ಕೀಳಬೇಡಿ.